ಕೊನೆಯೆಲೆಯ ಗುಲಾಬಿಯಕ್ಕ

ಸಹೃದಯರಾದ ವಾಚಕ ಮಹಾಶಯರೇ, ಮುಂದೆ ನಿರೂಪಿಸಲಿರುವ ಪಟ್ಟಣವನ್ನು ಭೂಪಟದಲ್ಲಿ ಅರಸುವ ಶ್ರಮವನ್ನು ತಾವು ವಹಿಸಬಾರದೆಂದು ಆರಂಭದಲ್ಲಿಯೇ ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುತ್ತೇನೆ. ನಾನು ಅಲ್ಲಿಗೆ ತಲುಪಿದ್ದು ದಾರಿ ತಿಳಿದು ಅಲ್ಲ. ಅಲ್ಲಿಂದ ಹೊರಟದ್ದು ದಾರಿ ಕೇಳಿ ಅಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗೇರುಮರಗಳ ಗುಡ್ಡ, ನಡುವೆ ಒಂದು ಹೊಳೆ, ಹೊಳೆಯ ಎರಡು ದಡಗಳಲ್ಲಿಯೂ ಹಂಚಿನ ಮನೆಗಳು. ಇಷ್ಟೇ ಲಕ್ಷಣಗಳನ್ನು ಹಿಡಿದು ಹೊರಟರೆ ಅಂಥ ಊರು ಹೆಜ್ಜೆಗೊಂದು ಸಿಕ್ಕೀತು. ಆದರೆ ಅಲ್ಲಿಯ ಜನ ಊಟಕ್ಕೆ ಕುಳಿತುದನ್ನು ಕಂಡವರಿಗೆ ಮಾತ್ರ ಸಂಶಯ ಉಳಿಯಲಾರದು. ಒಂದು ತುತ್ತನ್ನು ಬಾಯಿಗಿಟ್ಟು, ಅದನ್ನು ನುಂಗುವ ಮುನ್ನ ನೆರೆಮನೆಯ ನಿಶ್ಚಿತಾರ್ಥದ ಸಮಾಚಾರವನ್ನು ಆದ್ಯಂತವಾಗಿ ಹೇಳಿ ಮುಗಿಸಬಲ್ಲವರು ಅವರು. ಹೆಣ್ಣು ನೋಡಲು ಬಂದವರು ಅಲ್ಲಿ ಹಾಡು ಹೇಳಿಸುವುದಿಲ್ಲ. ಮುಂದೆ ಎಲೆ ಹಾಕಿ, ಎಷ್ಟು ಹೊತ್ತು ಉಣ್ಣುತ್ತಾಳೆಂದು ನೋಡುತ್ತಾರೆ. ಗಬಗಬನೆ ಉಣ್ಣುವ ಹೆಣ್ಣಿಗೆ ರೂಪವಿದ್ದರೂ ವರ ಸಿಗುವುದು ಕಷ್ಟ.

ನಾನು ಆ ಊರನ್ನು ಪ್ರವೇಶಿಸಿದಾಗ ಮಧ್ಯಾಹ್ನವಾಗಿತ್ತು. ಹೆಗಲಲ್ಲಿ ಒಂದು ಚೀಲ, ಚೀಲದಲ್ಲಿ ಬದಲಿ ಬಟ್ಟೆ ಮತ್ತು ರಕ್ಷಾಪುಟ ಹರಿದುಹೋದ ಕೆಲವು ಕಾದಂಬರಿಗಳು. ಹೊಳೆಯ ಬಾಯಿಗೆ ಸಮೀಪದ ಮೊದಲನೆಯ ಮನೆಯ ಜಗಲಿಯಲ್ಲಿ ಕುಳಿತಿದ್ದ ತುಂಬುದೇಹದ ಹೆಂಗಸೊಬ್ಬರು ನನ್ನನ್ನು ತಲೆಯಿಂದ ಕಾಲಿನವರೆಗೆ ಪರಿಶೀಲಿಸಿದರು. ಅವರೇ ಗುಲಾಬಿಯಕ್ಕ. ಪ್ರಾಯ ಅರುವತ್ತರ ಆಚೆಗಿದ್ದೀತು.

"ಈ ಕಡೆಯವರಲ್ಲ ಅಲ್ವಾ ನೀವು?"

"ಅಲ್ಲ ತಾಯಿ. ನಾನೊಬ್ಬ ದೇಶಸಂಚಾರಿ."

"ಇಲ್ಲಿ ಸಂಬಂಧಿಕರು ಯಾರಾದ್ರೂ ಉಂಟಾ?"

"ಯಾರೂ ಇಲ್ಲ."

"ದೂರದ ಸೋದರಮಾವ, ಅತ್ತೆಯ ನಾದಿನಿ, ಹಾಗೆ ಎಂತಾದ್ರೂ?"

"ಈ ಪ್ರಪಂಚದಲ್ಲಿಯೇ ನನಗೆ ಯಾರೂ ಇಲ್ಲ."

ಗುಲಾಬಿಯಕ್ಕನ ಮುಖ ಅರಳಿತು. "ಒಳ್ಳೇದಾಯ್ತು. ಬನ್ನಿ, ಕೈಕಾಲು ತೊಳ್ಕೊಳ್ಳಿ. ಎಷ್ಟು ದಿನ ಬೇಕಾದ್ರೂ ಇರಿ."

ನನ್ನ ಅನಾಥಸ್ಥಿತಿಯನ್ನು ಕೇಳಿ ಕಣ್ಣೀರಿಟ್ಟವರನ್ನು ನಾನು ಕಂಡಿದ್ದೆ, ಬಾಗಿಲು ಹಾಕಿಕೊಂಡವರನ್ನೂ ಕಂಡಿದ್ದೆ. ಸಂತೋಷಪಟ್ಟವರನ್ನು ಕಂಡದ್ದು ಅದೇ ಮೊದಲು. ನನ್ನ ಮುಖದಲ್ಲಿ ತೋರುವ ವಿದ್ವತ್ತಿನ ಕಳೆಯೇ ಈ ಆದರಕ್ಕೆ ಕಾರಣವಿರಬೇಕೆಂದು ಊಹಿಸಿ, ಎಲೆಯ ಮುಂದೆ ಕುಳಿತು, ಹಸಿದವನು ಉಣ್ಣುವಂತೆ ಉಂಡೆ. ಅಷ್ಟರಲ್ಲಿ ಗುಲಾಬಿಯಕ್ಕನ ಮೈದುನ ಸಂಕಪ್ಪನವರು ಒಳಗೆ ಬಂದರು. ಒಣಗಿದ ಬಾಳೆಯ ದಿಂಡಿನಂಥ ದೇಹ. ಗುಡ್ಡದ ಮೇಲಿದ್ದ, ಊರಿಗೆಲ್ಲ ಸೇರಿದ ಅಡುಗೆಮನೆಗೆ ಅವರೇ ಅಡುಗೆಯ ಭಟ್ಟರು. ನನ್ನ ಕೈ ಎಲೆಗೂ ಬಾಯಿಗೂ ಹೋಗಿ ಬರುವ ವೇಗವನ್ನು ಅವರು ಬಾಗಿಲಲ್ಲಿಯೇ ನಿಂತು ನೋಡಿದರು.

"ಅತ್ತಿಗೆ, ಇವರಿಗೆ ರೈಲು ತಪ್ಪುತ್ತದಾ?"

"ಸುಮ್ಮನಿರಾ. ಹಸಿವೆ ಪಾಪ."

"ಹಸಿವೆ ಸರಿ. ಹಲ್ಲು ಎಂತಕ್ಕೆ ಇಟ್ಕೊಂಡದ್ದು ಮತ್ತೆ? ನುಂಗುದಾದ್ರೆ ಹೆಬ್ಬಾವಿಗೂ ನಮಗೂ ಎಂತ ವ್ಯತ್ಯಾಸ?" ಎಂದು ನನ್ನ ಪಕ್ಕದಲ್ಲಿ ಕುಳಿತು, "ಬಡಿಸ್ಲಿಕ್ಕೆ ಬರ್ತದಾ ನಿಮಗೆ?" ಎಂದು ಕೇಳಿದರು.

ಬರುತ್ತದೆಂದೆ. ಮರುದಿನದಿಂದ ನನ್ನನ್ನು ಗುಡ್ಡಕ್ಕೆ ಕರೆದೊಯ್ದು, ಪಾಯಸದ ತೋಪನ್ನು ಎಡಗೈಯಲ್ಲಿ ಹಿಡಿಯುವ, ಬಲಗೈಯ ಸೌಟನ್ನು ಎಲೆಯ ತುದಿಗೆ ಬಾಗಿಸುವ, ಉಣ್ಣುವವರು ಅಂಗೈಯನ್ನು ಅಡ್ಡ ಹಿಡಿದರೆ ಬೆರಳುಗಳ ಸಂದಿಯಿಂದಲೇ ಬಡಿಸುವ ವಿದ್ಯೆಯನ್ನು ಕಲಿಸತೊಡಗಿದರು. ಅತಿಥಿಗೆ ಅತಿಥಿಸತ್ಕಾರವನ್ನು ಕಲಿಸುವ ಊರನ್ನು ಕಂಡು ನಾನು ವಿಸ್ಮಿತನಾದೆ.

ಗುಡ್ಡದ ನೆತ್ತಿಯಲ್ಲಿ ಕಲ್ಲುಹಾಸಿನ ಒಂದು ಉದ್ದನೆಯ ಜಗಲಿ ಇತ್ತು. ಊರಿಗೆ ಊರೇ ಒಂದೇ ಪಂಕ್ತಿಯಲ್ಲಿ ಕಡಲಿಗೆ ಮುಖಮಾಡಿ ಕುಳಿತುಕೊಳ್ಳುವಷ್ಟು ಉದ್ದ. ಸುತ್ತ ಬಾಳೆಯ ಹಿಂಡಿಲು. ಅಲ್ಲಿಯ ಒಲೆ ಎಂದೂ ಆರುವಂತಿರಲಿಲ್ಲ. ದಿನವೂ ಬೆಳಿಗ್ಗೆ ಊರಿಗೆಲ್ಲ ಆಗುವಷ್ಟು ಕುಚ್ಚಲಕ್ಕಿ ಅನ್ನ, ಹುರುಳಿಸಾರು, ಹೆಸರುಬೇಳೆಯ ಪಾಯಸ ಸಿದ್ಧವಾಗುತ್ತಿದ್ದವು. ಕಡಲು ಬಾರದ ದಿನಗಳಲ್ಲಿ, ಅಂದರೆ ಸಾಮಾನ್ಯವಾಗಿ ಎಲ್ಲ ದಿನಗಳಲ್ಲಿಯೂ, ಅದನ್ನು ಸಂಜೆ ಕೇರಿಗಳಿಗೆ ಹಂಚಿಬಿಡುತ್ತಿದ್ದರು.

"ಕಡಲು ಬರುವುದು ಎಂದರೇನು?" ಎಂದು ನಾನು ಸಂಕಪ್ಪನವರನ್ನು ಕೇಳಿದೆ.

"ಅಣ್ಣತಮ್ಮಂದಿರು" ಎಂದರು ಅವರು, ಸಾರಿಗೆ ಉಪ್ಪು ಹಾಕುತ್ತ.

ವೃತ್ತಪತ್ರಿಕೆಗಳು ಸುನಾಮಿಯೆಂದು ಕರೆಯುವುದನ್ನು ಆ ಊರು ಅಣ್ಣತಮ್ಮಂದಿರೆಂದು ಕರೆಯುತ್ತಿತ್ತು. ನಾನು ಅದರ ವಿಷಯವನ್ನು ಬಲ್ಲೆನೆಂದು ಹೇಳಿ, ತಾಳೆಮರದೆತ್ತರಕ್ಕೆ ಎದ್ದು, ನೊರೆಯ ಹೆಡೆಯನ್ನು ಬಿಚ್ಚಿ, ನಾಯಕ ನಾಯಿಕೆಯರ ಮೇಲೆ ಎರಗುವ ಅಲೆಯನ್ನು ಓದಿದ್ದಂತೆಯೇ ವರ್ಣಿಸಿದೆ. ಸಂಕಪ್ಪನವರು ತಾಳ್ಮೆಯಿಂದ ಕೇಳಿದರು.

"ಚಂದ ಉಂಟು" ಎಂದರು. "ಆದ್ರೆ ಹೆಡೆ ಎಲ್ಲ ಇಲ್ಲ ಮಾರಾಯ್ರೆ. ಹಾಲು ಉಕ್ಕುದು ನೋಡಿದ್ದೀರಲ್ಲ? ಹಾಗೆ. ಕಡಲೇ ಎದ್ದು ನಡ್ಕೊಂಡು ಬರ್ತದೆ. ಮೊಣಕಾಲಿನವರೆಗೆ ಬಂದ್ರೆ ಸಾಕು, ಗಟ್ಟಿಮುಟ್ಟಾದ ಗಂಡಸನ್ನು ಮಲಗಿಸ್ತದೆ. ಬಂದದ್ದಕ್ಕಿಂತ ಹೋಗುವಾಗ ಜಾಸ್ತಿ ಅಪಾಯ. ಬಾಗಿಲು, ಕಂಬ, ದನ, ಎಲ್ಲ ಎಳ್ಕೊಂಡು ಹೋಗ್ತದೆ. ಮತ್ತೆ ಒಬ್ಬನೇ ಬರುದಿಲ್ಲ. ಮೊದ್ಲು ತಮ್ಮ ಬರ್ತಾನೆ. ಹೋದ, ಮುಗೀತು ಅಂತ ಕಾಣ್ತದೆ. ಎಷ್ಟೋ ಹೊತ್ತು ಕಳೆದ ಮೇಲೆ ನಡುವಣ್ಣ. ಮತ್ತೆ ದೊಡ್ಡಣ್ಣ. ಯಾರು ಎಷ್ಟು ಹೊತ್ತಿಗೆ ಬರ್ತಾರೆ ಹೇಳ್ಲಿಕ್ಕೆ ಅವರು ಮದುವೆಗೆ ಬರುವವರಲ್ಲ. ನೆಲ ತುಂಬ ಹೊತ್ತು ನಡುಗಿದ್ರೆ, ಕಡಲು ಕಾರಣವಿಲ್ಲದೆ ಹಿಂದೆ ಸರಿದ್ರೆ, ಯಾರನ್ನೂ ಕೇಳ್ಲಿಕ್ಕಿಲ್ಲ. ಗುಡ್ಡ ಹತ್ತುದೇ."

"ದೋಣಿಯಲ್ಲಿ ಹೋದವರು?"

"ಆಳದಲ್ಲಿ ಇದ್ದವ ಆಳದಲ್ಲೇ ಇರ್ಬೇಕು. ಅಲ್ಲಿ ಅವನಿಗೆ ಗೊತ್ತೂ ಆಗುದಿಲ್ಲ, ಅಡಿಯಲ್ಲೇ ದಾಟಿ ಬರ್ತದೆ. ಹೆಂಡತಿ ನೆನಪಾಯ್ತು ಅಂತ ದಡಕ್ಕೆ ಬಂದ್ರೆ ಸತ್ತ. ಇಲ್ಲಿ ಕೆಂಪು ಬಾವುಟ ಇಳಿಸುವವರೆಗೆ ಅವ ಅಲ್ಲೇ ಬಲೆ ಬಿಡ್ತಾ ಇರ್ಬೇಕು."

ಇಷ್ಟೇ ಆಗಿದ್ದರೆ ಆ ಊರಿಗೂ ಕರಾವಳಿಯ ಬೇರೆ ಊರುಗಳಿಗೂ ವ್ಯತ್ಯಾಸವಿರುತ್ತಿರಲಿಲ್ಲ. ಆದರೆ ತಮ್ಮನೆಂಬ ಮೊದಲನೆಯ ಅಲೆ ಅಲ್ಲಿ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಿಂದಿರುಗುವಾಗ ಅದು ಪ್ರತಿಯೊಂದು ಮನೆಯ ಹೊಸ್ತಿಲ ಮೇಲೂ, ಆ ಮನೆಯವರು ಎಂದೋ ಕಳೆದುಕೊಂಡು ಅತ್ಯಂತವಾಗಿ ಹಂಬಲಿಸುತ್ತಿರುವ ವಸ್ತುವನ್ನು ಇಟ್ಟು ಹೋಗುತ್ತಿತ್ತು. ವಸ್ತುವನ್ನು ಮಾತ್ರ, ಮನುಷ್ಯರನ್ನಲ್ಲ. ಎರಡನೆಯ ಅಲೆ ಬಂದು ಅದನ್ನು ಮರಳಿ ಒಯ್ಯುತ್ತಿತ್ತು. ಏಕೆ ಹೀಗೆಂದು ನಾನು ಕೇಳಿದಾಗ, ಮಳೆ ಏಕೆ ಮೇಲಕ್ಕೆ ಬೀಳುವುದಿಲ್ಲವೆಂದು ಕೇಳಿದವನನ್ನು ನೋಡುವಂತೆ ಊರಿನವರು ನನ್ನನ್ನು ನೋಡಿದರು.

ಆ ವಸ್ತುವಿಗಾಗಿ ಗುಡ್ಡವಿಳಿದವರು ಮರಳಿ ಬರುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಹಗ್ಗ ಕಟ್ಟಿ ನೋಡಿದ್ದರಂತೆ, ಆಣೆ ಪ್ರಮಾಣ ಮಾಡಿಸಿ ನೋಡಿದ್ದರಂತೆ. ಹಗ್ಗವನ್ನು ಕೊಯ್ದುಕೊಂಡು, ಆಣೆಯನ್ನು ಮುರಿದುಕೊಂಡು ಜನ ಇಳಿದರು. ಕೊನೆಗೆ ಯಾರೋ ಪುಣ್ಯಾತ್ಮರು ಎಲೆ ಹಾಕಿ ಊಟಕ್ಕೆ ಕೂರಿಸಿದರು. ಆಣೆಯನ್ನು ಮುರಿಯಬಲ್ಲ ಮನುಷ್ಯ ಪಂಕ್ತಿಯಿಂದ ನಡುವೆ ಏಳಲಾರ. ಪಂಕ್ತಿಯ ಕೊನೆಯಲ್ಲಿ ಕುಳಿತವರು ಉಂಡು ಎಲೆ ಮಡಚುವವರೆಗೆ ಯಾರೂ ಏಳುವಂತಿಲ್ಲ. ಎದ್ದರೆ ಅನ್ನಕ್ಕೆ ಅವಮಾನ, ಪಕ್ಕದಲ್ಲಿ ಕುಳಿತವನಿಗೆ ಅವಮಾನ, ಅಡುಗೆ ಮಾಡಿದವನಿಗಂತೂ ಏಳು ತಲೆಮಾರಿನ ಅವಮಾನ. ಹೀಗೆ ಊರಿನಲ್ಲಿ ಅತಿ ನಿಧಾನವಾಗಿ ಉಣ್ಣುವವರನ್ನು ಹುಡುಕಿ ಆ ಕೊನೆಯೆಲೆಗೆ ಕೂರಿಸುವ ಪದ್ಧತಿ ಬಂತು. ನಾನಿದ್ದ ಕಾಲದಲ್ಲಿ ಆ ಪದವಿ ಗುಲಾಬಿಯಕ್ಕನದಾಗಿತ್ತು.

ಗುಡ್ಡದಿಂದ ಎಲ್ಲರ ಹೊಸ್ತಿಲೂ ಎಲ್ಲರಿಗೂ ಕಾಣುತ್ತಿದ್ದುದರಿಂದ ಊರಿನ ಸಂಸಾರಗಳಲ್ಲಿ ಹುಟ್ಟಿದ ತೊಡಕುಗಳನ್ನು ವಿವರಿಸಹೊರಟರೆ ಅದೇ ಬೇರೊಂದು ಗ್ರಂಥವಾದೀತು. ಸಂಕಪ್ಪನವರ ಹೊಸ್ತಿಲಿನ ಮೇಲೆ ಒಮ್ಮೆ ಮದುವೆಯ ಉಂಗುರ ಕಾಣಿಸಿಕೊಳ್ಳಬೇಕಾದಲ್ಲಿ ಒಂದು ಹಳೆಯ ಕೊಡೆ ಕಾಣಿಸಿಕೊಂಡಿತಂತೆ. ಉಂಗುರ ಕಳೆದುಹೋದಾಗ ತಾನು ಅನ್ನ ಬಿಟ್ಟು ಅತ್ತಿದ್ದೆನೆಂದು ಅವರು ಹೆಂಡತಿಯ ಬಳಿ ಹೇಳಿಕೊಂಡಿದ್ದರು. ಅಂದಿನಿಂದ ಆ ಮನೆಯಲ್ಲಿ ಮಳೆ ಬಂದಾಗಲೆಲ್ಲ ಅವರಿಗೆ ಏನಾದರೊಂದು ಮಾತು ಕಾದಿರುತ್ತಿತ್ತು. ಊರಿನ ಗೌರವಸ್ಥರು ಗೌರವಯುತವಾದ ವಸ್ತುಗಳನ್ನೇ ಹಂಬಲಿಸುವ ಅಭ್ಯಾಸವನ್ನು ಬೆಳಗಿನ ಹೊತ್ತು, ಸ್ನಾನಾನಂತರ, ಶ್ರದ್ಧೆಯಿಂದ ಮಾಡುತ್ತಿದ್ದರು. ಆದರೂ ಕಡಲು ಬಂದಾಗ ಅವರ ಹೊಸ್ತಿಲುಗಳಲ್ಲಿ ಇಸ್ಪೀಟಿನ ಕಟ್ಟು, ಬಣ್ಣದ ಗೋಲಿ, ಬೇರೆ ಯಾರದೋ ಕೈಬಳೆ ಇತ್ಯಾದಿಗಳೇ ಬಿದ್ದಿರುತ್ತಿದ್ದವು.

"ಗುಲಾಬಿಯಕ್ಕನ ಹೊಸ್ತಿಲಿಗೆ ಏನು ಬರುತ್ತದೆ?" ಎಂದು ಕೇಳಿದೆ.

ಸಂಕಪ್ಪನವರು ಕಟ್ಟಿಗೆಯನ್ನು ಒಲೆಯೊಳಗೆ ದೂಡಿದರು. "ಎಂತದೂ ಬರುದಿಲ್ಲ. ನನ್ನ ಅಣ್ಣ, ಅತ್ತಿಗೆಯ ಗಂಡ, ಹೋದ ಮೇಲೆ ಕಡಲು ಬಂದಾಗೆಲ್ಲ ನೋಡಿದ್ದೇವೆ. ಊರಿಗೆಲ್ಲ ಕೊಡ್ತದೆ, ಅತ್ತಿಗೆಗೆ ಮಾತ್ರ ಖಾಲಿ."

ಆಮೇಲೆ ಅವರೇ ಹೇಳಿದರು. ಆಗ ಕೊನೆಯೆಲೆಗೆ ಕೂರುತ್ತಿದ್ದವರು ವಾಮನ ಮಾಸ್ಟ್ರು. ಅಂದು ಎರಡು ಅಲೆಗಳು ಬಂದು ಹೋದವು. ಬಿಸಿಲು ಜೋರಾಗಿತ್ತು. ಬಹಳ ಹೊತ್ತಿನವರೆಗೆ ಮತ್ತೇನೂ ಬರಲಿಲ್ಲ. ಇಷ್ಟಕ್ಕೇ ಮುಗಿಯಿತೆಂದು ಮಾಸ್ಟ್ರು ಅವಸರದಲ್ಲಿ ಉಂಡು ಎಲೆ ಮಡಚಿದರು. ಗುಲಾಬಿಯಕ್ಕನ ಗಂಡ ಕುಪ್ಪಯ್ಯನವರು ಎಲ್ಲರಿಗಿಂತ ಮೊದಲು ಇಳಿದರು. "ಅತ್ತಿಗೆಗೆ ಒಂದು ಹೊಲಿಗೆ ಯಂತ್ರ ಇತ್ತು. ಅಣ್ಣನಿಗೇ ಒಂದು ಅಂಗಿ ಹೊಲೀತಿದ್ರು, ಒಂದು ತೋಳು ಬಾಕಿ. ಉಪ್ಪುನೀರು ಹೊಕ್ಕಿದೆ, ಒರೆಸಿ ಎಣ್ಣೆ ಬಿಡದಿದ್ರೆ ತುಕ್ಕು ಹಿಡೀತದೆ ಅಂತ ಓಡಿದ. ದೊಡ್ಡಣ್ಣ ಬಂದ. ಯಂತ್ರವೂ ಹೋಯ್ತು, ಅವನೂ ಹೋದ. ಆವತ್ತು ಮಾಸ್ಟ್ರು ಎದ್ದ ಜಾಗದಲ್ಲಿ ಅತ್ತಿಗೆ ಕೂತದ್ದು."

"ನನ್ನನ್ನು ಈ ಊರು ಇಷ್ಟು ಆದರದಿಂದ ಕಾಣುವುದು..."

"ಇಲ್ಲಿ ನೆಂಟರು ಯಾರೂ ಇಲ್ಲದ ಪರ ಊರಿನವನ ಕೈಯಲ್ಲಿ ಬಡಿಸಿದ್ದನ್ನು ಬೇಡ ಅನ್ಲಿಕ್ಕಿಲ್ಲ, ಎಲೆಯಲ್ಲಿ ಬಿಡ್ಲಿಕ್ಕೂ ಇಲ್ಲ. ನಾನು ಬಡಿಸಿದ್ರೆ ಹೋಗ ಮಾರಾಯ ಅಂತಾರೆ. ನೀವು ಬಡಿಸಿದ್ರೆ ಉಣ್ಲೇಬೇಕು." ಸಂಕಪ್ಪನವರು ನನ್ನ ಮುಖವನ್ನು ನೋಡಿ, "ನಿಮ್ಮ ಓದಿನ ಬಗ್ಗೆಯೂ ನಮಗೆ ತುಂಬ ಗೌರವ ಉಂಟು" ಎಂದು ಸೇರಿಸಿದರು.

ಮಳೆಗಾಲ ಮುಗಿದು ಗುಡ್ಡದ ಹುಲ್ಲು ಹಳದಿಗೆ ತಿರುಗುತ್ತಿದ್ದ ಒಂದು ಬೆಳಿಗ್ಗೆ ನೆಲ ನಡುಗಿತು. ಗುಲಾಬಿಯಕ್ಕನ ಅಡುಗೆಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಿಂತಾವೆಂದು ಕಾದರೆ ನಿಲ್ಲಲಿಲ್ಲ. ಗುಲಾಬಿಯಕ್ಕ ಒಲೆಯ ಬೆಂಕಿಗೆ ನೀರು ಹೊಯ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಬನ್ನಿ, ಊಟಕ್ಕೆ ಹೋಗುವ" ಎಂದರು, ಪಕ್ಕದ ಬೀದಿಯ ಉಪನಯನಕ್ಕೆ ಹೊರಟವರಂತೆ. ನಾನು ನನ್ನ ಚೀಲಕ್ಕೆ ಕೈಹಾಕಿದೆ. "ಅದನ್ನು ಬಿಡಿ. ಕಾಲು ಎರಡುಂಟಲ್ಲ, ಅಷ್ಟೇ ಸಾಕು." ಕಾದಂಬರಿಗಳನ್ನು ಅಲ್ಲಿಯೇ ಬಿಟ್ಟು ಬಂದೆ.

ಊರೆಲ್ಲ ಗುಡ್ಡದ ದಾರಿಯಲ್ಲಿತ್ತು. ಯಾರೂ ಕೂಗಾಡುತ್ತಿರಲಿಲ್ಲ. ನಡೆಯಲಾರದವರನ್ನು ಬೆನ್ನ ಮೇಲೆ ಹೊತ್ತಿದ್ದರು. ಅರ್ಧ ದಾರಿಯಲ್ಲಿ ತಿರುಗಿ ನೋಡಿದಾಗ ಕಡಲು ತನ್ನ ಅಂಚನ್ನು ಎತ್ತಿಕೊಂಡು ಹಿಂದೆ ಹಿಂದೆ ಸರಿಯುತ್ತಿತ್ತು. ನಾನೆಂದೂ ಕಾಣದ ಬಂಡೆಗಳು ಪಾಚಿಯ ತಲೆಗೂದಲಿನಿಂದ ನೀರಿಳಿಸುತ್ತ ನಿಂತಿದ್ದವು. ದಡದ ದೋಣಿಗಳು ಒಂದು ಮಗ್ಗುಲಿಗೆ ಒರಗಿದ್ದವು. ಒದ್ದೆ ಮರಳಿನಲ್ಲಿ ಬೆಳ್ಳಿಯಂತೆ ಮೀನುಗಳು ಹೊರಳುತ್ತಿದ್ದವು. ಇಳಿದು ನೋಡಬೇಕೆಂದು ನನ್ನ ಕಾಲುಗಳಿಗೇ ಆಸೆಯಾಯಿತು. ಗುಲಾಬಿಯಕ್ಕ ಬೆನ್ನಿಗೆ ಕೈಯಿಟ್ಟು ದೂಡಿದರು. "ಮೀನು ಸಾರು ನಾಳೆ ಮಾಡುವ."

ಕೆಂಪು ಬಾವುಟ ಏರಿತು. ಎಲೆಗಳು ಬಿದ್ದವು. ಪಂಕ್ತಿಯ ತುದಿಯಲ್ಲಿ ಗುಲಾಬಿಯಕ್ಕ, ಅವರ ಪಕ್ಕದಲ್ಲಿ ವಾಮನ ಮಾಸ್ಟ್ರು. ಮಾಸ್ಟ್ರು ಪದವಿಯನ್ನು ಬಿಟ್ಟುಕೊಟ್ಟ ದಿನದಿಂದ ಊಟದ ಹೊತ್ತಿನಲ್ಲಿ ಮಾತಾಡುವುದನ್ನೂ ಬಿಟ್ಟಿದ್ದರು. ನಾನು ಅನ್ನ ಬಡಿಸಿದೆ, ಸಂಕಪ್ಪನವರು ಸಾರು ಬಡಿಸಿದರು. ಅಷ್ಟರಲ್ಲಿ ತಮ್ಮ ಬಂದ. ನಾನು ನಿರೀಕ್ಷಿಸಿದ ಹೆಡೆಯೂ ಇರಲಿಲ್ಲ, ಗರ್ಜನೆಯೂ ಇರಲಿಲ್ಲ. ಕಡಲು ಎದ್ದಿತು, ಮರಳನ್ನು ದಾಟಿತು, ಹೊಳೆಯ ಬಾಯಿಯಿಂದ ಒಳಗೆ ಹೊಕ್ಕು ಹೊಳೆಯನ್ನೇ ಹಿಮ್ಮುಖವಾಗಿ ನಡೆಸಿತು. ಬೀದಿಗಳಲ್ಲಿ ಕಂದುಬಣ್ಣದ ನೀರು ತುಂಬಿತು. ಒಂದು ಎತ್ತಿನ ಗಾಡಿ ತನ್ನಷ್ಟಕ್ಕೆ ತಾನೇ ಪೇಟೆಯ ಕಡೆಗೆ ಹೊರಟಿತು. ಬಳಿಕ ನೀರು ಇಳಿಯಿತು, ಗೋಡೆಗಳನ್ನೂ ಬೇಲಿಗಳನ್ನೂ ಎಳೆದುಕೊಂಡು. ಹೊಸ್ತಿಲುಗಳು ಒಂದೊಂದಾಗಿ ಕಾಣಿಸಿಕೊಂಡವು.

ಪಂಕ್ತಿಯಲ್ಲಿ ಗುಸುಗುಸು ಎದ್ದಿತು.

"ಅಗೋ ನಿಮ್ಮ ಮನೆದು ಎಂತ ಅದು, ಹಿತ್ತಾಳೆ ಚೊಂಬಾ?"

"ಚೊಂಬಲ್ಲ, ಪೀಕದಾನಿ. ಮಾವಂದು."

"ಮಾವ ಹೋದದ್ದಕ್ಕಿಂತ ಪೀಕದಾನಿ ಹೋದದ್ದೇ ಬೇಜಾರು ಅಂತ ಆಯ್ತು."

"ಸಂಕಪ್ಪಣ್ಣ, ನಿಮ್ಮ ಕೊಡೆ ಈ ಸಲವೂ ಬಂತು. ಉಂಗುರ ಇಲ್ಲ."

"ಮೆಲ್ಲ ಹೇಳಿ ಮಾರಾಯ್ರೆ, ಅವಳು ಅಲ್ಲೇ ಕೂತಿದ್ದಾಳೆ."

ನಗು ಪಂಕ್ತಿಯ ಉದ್ದಕ್ಕೂ ಹರಿದು, ಕೊನೆಯ ಹತ್ತಿರ ಬರುತ್ತಿದ್ದಂತೆ ನಿಂತುಹೋಯಿತು. ಹೊಳೆಯ ಬಾಯಿಯ ಮೊದಲನೆಯ ಮನೆಯ, ಅದುವರೆಗೆ ಎಂದೂ ಖಾಲಿಯೇ ಉಳಿಯುತ್ತಿದ್ದ ಹೊಸ್ತಿಲ ಮೇಲೆ ಒಂದು ಹೊಲಿಗೆ ಯಂತ್ರ ನಿಂತಿತ್ತು. ಕಬ್ಬಿಣದ ಕಾಲುಗಳು, ಕಪ್ಪು ಕತ್ತು, ಸೂಜಿಯ ಅಡಿಯಲ್ಲಿ ಸಿಕ್ಕಿಕೊಂಡು ಗಾಳಿಗೆ ಆಡುತ್ತಿದ್ದ ಒಂದು ಬಿಳಿಯ ಬಟ್ಟೆ. ಅಷ್ಟು ದೂರದಿಂದ ಅದು ಅಂಗಿಯೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಅಂಗಿಯೆಂದು ಎಲ್ಲರಿಗೂ ಗೊತ್ತಾಯಿತು.

ಗುಲಾಬಿಯಕ್ಕ ಅದನ್ನು ನೋಡಿದರು. ಕೈಯಲ್ಲಿದ್ದ ತುತ್ತು ಕೈಯಲ್ಲಿಯೇ ನಿಂತಿತು. ಆಮೇಲೆ ಅವರು ಉಣ್ಣತೊಡಗಿದರು. ಆಕೆ ಹಾಗೆ ಉಣ್ಣುವುದನ್ನು ಆ ಊರು ಎಂದೂ ಕಂಡಿರಲಿಲ್ಲ. ದೊಡ್ಡ ದೊಡ್ಡ ತುತ್ತುಗಳು; ಅಗಿಯದೆ ನುಂಗಿದ ಕುಚ್ಚಲಕ್ಕಿಯ ಅನ್ನ ಗಂಟಲಿನಲ್ಲಿ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಎಲೆಯ ಮೇಲಿನ ಅನ್ನದ ರಾಶಿ ಕರಗಿತು. ಪಂಕ್ತಿಯ ಕಣ್ಣುಗಳೆಲ್ಲ ಆ ಎಲೆಯತ್ತ ತಿರುಗಿದವು. ಆ ಕಣ್ಣುಗಳಲ್ಲಿದ್ದುದು ಭಯ ಮಾತ್ರವಲ್ಲವೆಂದು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಗುಲಾಬಿಯಕ್ಕ ಎಲೆ ಮಡಚಿದರೆ ಎಲ್ಲರೂ ಏಳಬಹುದಿತ್ತು. ಎಲ್ಲರ ಹೊಸ್ತಿಲಿನಲ್ಲಿಯೂ ಏನೋ ಒಂದು ಕಾಯುತ್ತಿತ್ತು. ಕೆಲವರ ಎಡಗೈಗಳು ಆಗಲೇ ತಮ್ಮ ತಮ್ಮ ಎಲೆಯ ಅಂಚನ್ನು ಹಿಡಿದಿದ್ದವು. ಆ ಪೀಕದಾನಿಯ ಒಡತಿಯೂ ಚಪ್ಪಲಿಯನ್ನು ಕಾಲಿನಿಂದ ತಡವಿ ಹತ್ತಿರಕ್ಕೆ ಎಳೆದುಕೊಂಡಳು.

"ಗುಲಾಬೀ" ಎಂದರು ವಾಮನ ಮಾಸ್ಟ್ರು. ಊಟದ ಹೊತ್ತಿನಲ್ಲಿ ಅವರ ದನಿಯನ್ನು ಕೇಳಿ ಅತ್ತ ಇತ್ತ ಕುಳಿತವರು ಬೆಚ್ಚಿದರು. "ಆವತ್ತು ನಾನೂ ಹೀಗೇ ಉಂಡದ್ದು."

ಗುಲಾಬಿಯಕ್ಕ ಕೇಳಿಸಿಕೊಂಡಂತೆ ತೋರಲಿಲ್ಲ. ಸಂಕಪ್ಪನವರು ಕುದಿಯುತ್ತಿದ್ದ ಪಾಯಸದ ತೋಪನ್ನು ತಂದು ನನ್ನ ಎಡಗೈಗೆ ಕೊಟ್ಟರು. ಅವರ ಮುಖದಲ್ಲಿ ಎಂದಿನ ಕೊಂಕು ಇರಲಿಲ್ಲ. "ಬಡಿಸಿ" ಎಂದರು, ಅಷ್ಟೇ.

ನಾನು ಹೋಗಿ ಗುಲಾಬಿಯಕ್ಕನ ಮುಂದೆ ಬಾಗಿದೆ. ಎಲೆಯಲ್ಲಿ ಕೊನೆಯ ತುತ್ತು ಉಳಿದಿತ್ತು. ಅವರು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದರು.

"ಬೇಡ."

"ಅಕ್ಕ, ಒಂದೇ ಸೌಟು."

"ನಿಮಗೆ ದಮ್ಮಯ್ಯ ಹಾಕ್ತೇನೆ, ಬೇಡ. ಓಡಿ ಹೋಗಿ ಓಡಿ ಬರ್ತೇನೆ. ಬರೀ ಆ ಬಟ್ಟೆ ಬಿಡಿಸ್ಕೊಂಡು ಬರ್ತೇನೆ. ಯಂತ್ರ ಬೇಡ ನನಗೆ. ನಿಮಗೆ ಯಾರೂ ಇಲ್ಲ, ನಿಮಗೆ ಎಂತ ಗೊತ್ತು."

ನಾನು ಓದಿದ ಪುಸ್ತಕಗಳಲ್ಲಿ ಇಂಥ ಸಂದರ್ಭದಲ್ಲಿ ನಾಯಕನು ದೀರ್ಘವಾದ ಭಾಷಣವನ್ನು ಮಾಡುತ್ತಾನೆ. ನಾನು ಸೌಟನ್ನು ಬಾಗಿಸಿದೆ. ಬಿಸಿ ಪಾಯಸ ಅವರ ಬೆರಳುಗಳ ಸಂದಿಯಿಂದ ಇಳಿಯಿತು. ಅವರು ಕೈ ತೆಗೆದರು; ತೆಗೆದಲ್ಲಿಗೆ ಮತ್ತೊಂದು ಸೌಟು ಬಡಿಸಿದೆ, ಮತ್ತೊಂದು. ಪಾಯಸ ಎಲೆಯ ಅಂಚಿಗೆ ಹರಿಯತೊಡಗಿತು. ಗುಲಾಬಿಯಕ್ಕ, ಹುಟ್ಟಿದಂದಿನಿಂದ ಪಂಕ್ತಿಯಲ್ಲಿ ಕುಳಿತು ಉಂಡವರು, ತಾವು ಬಯಸದೆಯೇ ಅಂಗೈಯನ್ನು ಅಡ್ಡವಾಗಿ ಇಟ್ಟು ಅದಕ್ಕೆ ಕಟ್ಟೆ ಕಟ್ಟಿದರು. ಎಲೆಯ ಮೇಲಿನ ಕುದಿಪಾಯಸವನ್ನು ಅವಸರದಲ್ಲಿ ಉಣ್ಣುವ ಉಪಾಯವನ್ನು ಮನುಷ್ಯಜಾತಿ ಇನ್ನೂ ಕಂಡುಹಿಡಿದಿಲ್ಲ. ಅವರು ಬೆರಳಿನಿಂದ ತೆಗೆದು ನೆಕ್ಕಿದರು, ನಾಲಗೆ ಸುಟ್ಟಿತು, ಮತ್ತೆ ತೆಗೆದರು. ನನ್ನ ಕಡೆಗೆ ಒಮ್ಮೆ ನೋಡಿದರು. ಆ ನೋಟವನ್ನು ವರ್ಣಿಸಲಾರೆ.

ಪಂಕ್ತಿಯ ಎಡಗೈಗಳು ಎಲೆಯ ಅಂಚುಗಳನ್ನು ಒಂದೊಂದಾಗಿ ಬಿಟ್ಟವು.

ಪಾಯಸ ಇನ್ನೂ ಅರ್ಧ ಉಳಿದಿದ್ದಾಗ ನಡುವಣ್ಣ ಬಂದ. ತಮ್ಮನಿಗಿಂತ ಎತ್ತರವಾಗಿ, ತಮ್ಮ ಮುರಿದುಹಾಕಿದ್ದ ಮರಗಳನ್ನು ಮುಂದಿಟ್ಟುಕೊಂಡು. ಹೊಲಿಗೆ ಯಂತ್ರ ಒಂದು ಕ್ಷಣ ನೀರಿನ ಮೇಲೆ ಕಪ್ಪು ಕತ್ತನ್ನು ತೋರಿಸಿ, ಬಿಳಿಯ ಬಟ್ಟೆಯೊಂದಿಗೆ ಮುಳುಗಿಹೋಯಿತು. ಗುಲಾಬಿಯಕ್ಕ ಅಂಗೈಯ ಕಟ್ಟೆಯನ್ನು ತೆಗೆಯದೆ, ದೊಡ್ಡಣ್ಣನೂ ಬಂದು ಹೋಗಿ ಕೆಂಪು ಬಾವುಟ ಇಳಿಯುವವರೆಗೆ, ಉಳಿದ ಪಾಯಸವನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು ಉಂಡರು.